ಎಡಿಟರ್ ಮಸುಕು ಮಾಡಿದೆ ಅಂತ ಕೋಡ್ ಅಳಿಸಬೇಡಿ

ಸಿ, ಸಿ++ ಬರೆಯುವವರು ದಯವಿಟ್ಟು ಓದಿ. ಬಿಲ್ಡ್‌ಗೆ ಸೇರದ ಕೋಡ್ ಅಂತ ಎಡಿಟರ್ ಬೂದು ಬಣ್ಣದಲ್ಲಿ ಮಸುಕಾಗಿ ತೋರಿಸಿದ್ದನ್ನು ನಂಬಿ, ಕೆಲಸ ಮಾಡುತ್ತಿದ್ದ ಕೋಡನ್ನೇ ನಾನು ಅಳಿಸಿಬಿಟ್ಟೆ.

ಹಳೆಯ ಪ್ರಾಜೆಕ್ಟ್ ಅದು. ಸೀರಿಯಲ್ ಪೋರ್ಟ್‌ನಿಂದ ಡೇಟಾ ಓದುವ ಫೈಲ್‌ನಲ್ಲಿ ಒಂದು #ಇಫ್‌ಡೆಫ್ ಇತ್ತು, ಅಂದರೆ ಒಂದು ಮ್ಯಾಕ್ರೋ (ಮೊದಲೇ ಕೊಟ್ಟಿಡುವ ಹೆಸರು) ಇದ್ದರೆ ಒಳಗಿನ ಕೋಡನ್ನು, ಇಲ್ಲದಿದ್ದರೆ #ಎಲ್ಸ್ ಭಾಗವನ್ನು ಕಂಪೈಲ್ ಮಾಡು ಅನ್ನುವ ಸಾಲು. ಅದರೊಳಗೆ ಸಿಆರ್‌ಸಿ (ಡೇಟಾ ಕೆಟ್ಟಿದೆಯಾ ಅಂತ ಹಿಡಿಯುವ ಲೆಕ್ಕ) ತಾಳೆ ನೋಡುವ ಸುಮಾರು 20 ಸಾಲು. ಅಷ್ಟೂ ಮಸುಕು. ಕೆಳಗೆ #ಎಲ್ಸ್ ಭಾಗದಲ್ಲಿ ಬಂದ ಡೇಟಾವನ್ನು ಹಾಗೇ ಒಪ್ಪಿಕೊಳ್ಳುವ ಎರಡು ಸಾಲು ಮಾತ್ರ ಬಣ್ಣಬಣ್ಣವಾಗಿ ಕಾಣುತ್ತಿದ್ದವು. ಮೇಲಿನದು ಯಾರೋ ಬಿಟ್ಟುಹೋದ ಕೋಡ್ ಅಂದುಕೊಂಡು ತೆಗೆದೆ. ಬಿಲ್ಡ್ ಆಯಿತು. ಒಂದು ವಾರ್ನಿಂಗೂ ಬರಲಿಲ್ಲ.

ನಾಲ್ಕು ದಿನದ ಮೇಲೆ ಲಾಗ್‌ನಲ್ಲಿ ತಲೆಬುಡವಿಲ್ಲದ ಸಂಖ್ಯೆಗಳು. ಕೇಬಲ್ ಬದಲಿಸಿದೆ, ಬಾಡ್ ರೇಟ್ (ಪೋರ್ಟ್‌ನ ವೇಗ) ನೋಡಿದೆ. ಎರಡು ದಿನ ಸುಮ್ನೆ ಹೋಯಿತು. ಕೊನೆಗೆ ಗಿಟ್‌ನಿಂದ ಹಳೆಯ ಫೈಲ್ ತಂದು, ಆ ಮಸುಕು ಭಾಗದ ನಡುವೆ ಕಂಪೈಲರ್ ಅಲ್ಲಿಗೆ ಬಂದರೆ ಬಿಲ್ಡ್ ನಿಲ್ಲಿಸುವ ಒಂದು #ಎರರ್ ಸಾಲು ಹಾಕಿ ಬಿಲ್ಡ್ ಮಾಡಿದೆ. ಕಂಪೈಲರ್ ಅದೇ ಸಾಲನ್ನು ಹಿಡಿದು ನಿಂತಿತು. ಎಡಿಟರ್‌ನಲ್ಲಿ ಮಾತ್ರ ಆ ಸಾಲು ಆಗಲೂ ಮಸುಕಾಗಿಯೇ ಇತ್ತು.

ಆ ಮ್ಯಾಕ್ರೋ ಯಾವ ಹೆಡರ್‌ನಲ್ಲೂ ಇರಲಿಲ್ಲ. ಬಿಲ್ಡ್ ಹೇಗೆ ಮಾಡಬೇಕು ಅಂತ ಹೇಳುವ ಮೇಕ್‌ಫೈಲ್ ಅದನ್ನು -ಡಿ ಫ್ಲ್ಯಾಗ್‌ನಲ್ಲಿ ನೇರವಾಗಿ ಕಂಪೈಲರ್‌ಗೆ ಕೊಡುತ್ತಿತ್ತು. ನನ್ನ ಎಡಿಟರ್‌ಗೆ ಅದು ಗೊತ್ತೇ ಇಲ್ಲ. ಗೊತ್ತಿಲ್ಲದ ಮ್ಯಾಕ್ರೋ ಅಂದರೆ ಅದರ ಲೆಕ್ಕದಲ್ಲಿ ಇಲ್ಲದ ಮ್ಯಾಕ್ರೋ. ಹಾಗಾಗಿ ಓಡುವ ಭಾಗ ಮಸುಕು, ಓಡದ ಭಾಗ ಬಣ್ಣ. ಗೊತ್ತಿಲ್ಲ ಅಂತ ಒಂದು ಗುರುತಾದರೂ ತೋರಿಸಬೇಕಿತ್ತು ಅಲ್ವಾ? ಈ ವಿಷಯದಲ್ಲಿ ನನಗೆ ಇವತ್ತಿಗೂ ಬೇಜಾರಿದೆ.

ಆದ್ದರಿಂದ ಅನುಮಾನ ಬಂದ ಕಡೆ #ಎರರ್ ಹಾಕಿ ನೋಡಿ, ಅರ್ಧ ನಿಮಿಷದ ಕೆಲಸ. ಅಥವಾ ಜಿಸಿಸಿ ಕಂಪೈಲರ್‌ಗೆ ಬಿಲ್ಡ್‌ನ ಅದೇ ಫ್ಲ್ಯಾಗ್‌ಗಳ ಜೊತೆ -ಇ (ದೊಡ್ಡಕ್ಷರ) ಕೊಟ್ಟರೆ, ಪ್ರಿಪ್ರೊಸೆಸರ್ (# ಸಾಲುಗಳನ್ನು ಮೊದಲು ನೋಡುವ ಹಂತ) ಉಳಿಸಿಕೊಂಡ ಕೋಡ್ ಮಾತ್ರ ಕೈಗೆ ಸಿಗುತ್ತದೆ.

ಬಣ್ಣವೇ ಸರಿಹೋಗಬೇಕು ಅಂದರೆ ಯಾವ ಫೈಲ್ ಯಾವ ಫ್ಲ್ಯಾಗ್‌ನಲ್ಲಿ ಕಂಪೈಲ್ ಆಗುತ್ತದೆ ಅಂತ ಹೇಳುವ ಕಂಪೈಲ್ ಕಮಾಂಡ್ಸ್ ಜೇಸನ್ ಫೈಲ್ ಮಾಡಿ ಎಡಿಟರ್‌ಗೆ ತೋರಿಸಿ. ಬಿಲ್ಡ್‌ಗೆ ಸಿಮೇಕ್ ಟೂಲ್ ಇದ್ದರೆ ಒಂದು ಆಯ್ಕೆ ಆನ್ ಮಾಡಿದರೆ ಸಾಕು. ಬರೀ ಮೇಕ್‌ಫೈಲ್ ಇದ್ದರೆ ಬೇರ್ ಅನ್ನುವ ಟೂಲ್ ಮಾಡಿಕೊಡುತ್ತದೆ. ಫ್ಲ್ಯಾಗ್ ಬದಲಾದಾಗಲೆಲ್ಲ ಆ ಫೈಲನ್ನೂ ಹೊಸದಾಗಿ ಮಾಡಬೇಕು.

ಹೆಡರ್‌ಗಳಲ್ಲಿ ಮಾತ್ರ ಇಷ್ಟಾದ ಮೇಲೂ ಜೋಪಾನ. ಒಂದೇ ಹೆಡರನ್ನು ಬೇರೆ ಬೇರೆ ಫ್ಲ್ಯಾಗ್ ಇರುವ ಎರಡು ಪ್ರೋಗ್ರಾಂ ಬಳಸುತ್ತಿದ್ದರೆ, ಎಡಿಟರ್ ಒಂದರ ಲೆಕ್ಕದಲ್ಲಿ ಬಣ್ಣ ಹಚ್ಚುತ್ತದೆ. ಅಲ್ಲಿ ಮಸುಕಾಗಿರುವುದು ಇನ್ನೊಂದರಲ್ಲಿ ಓಡುತ್ತಿರಬಹುದು.