ರೂಮ್ ಕಾಯಿಸಬೇಕೋ, ಹಾಸಿಗೆ ಕಾಯಿಸಬೇಕೋ? ಎಲೆಕ್ಟ್ರಿಕ್ ಬ್ಲಾಂಕೆಟ್ ಬಳಸಿದ ಮೇಲೆ ಅನ್ನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ರೂಮ್ ಹೀಟರ್ ಮಾಡುವ ಕೆಲಸ ಮಾಡುವುದಿಲ್ಲ. ಮಾಡುತ್ತದೆ ಅಂದುಕೊಂಡು ತಗೊಂಡವರೇ ಆಮೇಲೆ ಒಂದು ಸ್ಟಾರ್ ಕೊಟ್ಟು ಬೈಯುತ್ತಾರೆ. ಎಲೆಕ್ಟ್ರಿಕ್ ಬ್ಲಾಂಕೆಟ್ ಇರುವುದು ಮಲಗುವ ಹೊತ್ತಿನ ಚಳಿಗೆ, ಅಷ್ಟೇ. ಆದರೆ ಆ ಒಂದು ಕೆಲಸವನ್ನು ಇಷ್ಟು ಕಡಿಮೆ ಕರೆಂಟ್‌ನಲ್ಲಿ ಮುಗಿಸುವ ಇನ್ನೊಂದು ವಸ್ತು ನಾನಂತೂ ಕಂಡಿಲ್ಲ.

ನನ್ನ ಹತ್ತಿರ ಇರುವುದು ಹಾಸಿಗೆ ಮೇಲೆ ಹಾಸಿ, ಅದರ ಮೇಲೆ ಬೆಡ್‌ಶೀಟ್ ಹಾಕಿ ಮಲಗುವ ಥರದ್ದು. ಹೊದ್ದುಕೊಳ್ಳುವ ಥರದ್ದೂ ಸಿಗುತ್ತದೆ. ಸೋಫಾದಲ್ಲಿ ಕೂತು ಓದುವವರಿಗೆ, ಟಿವಿ ನೋಡುವವರಿಗೆ ಅದು ಸರಿ. ಮಲಗುವುದಕ್ಕೆ ಕೆಳಗೆ ಹಾಸುವುದೇ ಒಳ್ಳೆಯದು, ಯಾಕಂದ್ರೆ ಬಿಸಿ ಕೆಳಗಿಂದ ಬಂದು ಮೇಲೆ ಹೊದ್ದ ರಗ್ಗಿನೊಳಗೇ ಉಳಿಯುತ್ತದೆ, ಎಲ್ಲೂ ಓಡಿಹೋಗುವುದಿಲ್ಲ. ಇಬ್ಬರು ಮಲಗುವ ಅಳತೆಯದು ಬೇಕಾದರೆ ಎರಡು ಕಡೆಗೂ ಬೇರೆ ಬೇರೆ ಕಂಟ್ರೋಲರ್ ಇರುವುದನ್ನೇ ನೋಡಿ. ಒಬ್ಬರು ಚಳಿ ಅಂತ ಮುದುಡಿಕೊಂಡಿರುವಾಗ ಪಕ್ಕದವರು ಸೆಕೆ ಅಂತ ರಗ್ಗು ಒದೆಯುವ ಮನೆಗಳೇ ಜಾಸ್ತಿ ಅಲ್ವಾ. ಒಂದೇ ಸ್ವಿಚ್ ಇದ್ದರೆ ರಾತ್ರಿಯಿಡೀ ಅದರದ್ದೇ ಜಗಳ.

ಈಗ ಲೆಕ್ಕಕ್ಕೆ ಬರೋಣ. ಎಣ್ಣೆ ತುಂಬಿದ ಸಾಮಾನ್ಯ ಆಯಿಲ್ ಹೀಟರ್ 2000 ವ್ಯಾಟ್ ಇರುತ್ತದೆ. ಬಿಟ್ಟೂಬಿಡದೆ ಓಡಿದರೆ ಗಂಟೆಗೆ 2 ಯೂನಿಟ್. ಅದರಲ್ಲಿ ಥರ್ಮೋಸ್ಟಾಟ್ ಇದೆ, ರೂಮ್ ಕಾದ ಮೇಲೆ ಆಫ್ ಆಗಿ ಮತ್ತೆ ಆನ್ ಆಗುತ್ತದೆ ಅಂತ ಅರ್ಧ ಹೊತ್ತು ಮಾತ್ರ ಲೆಕ್ಕ ಹಿಡಿಯೋಣ. ಆದರೂ ರಾತ್ರಿ ಒಟ್ಟು 8 ಗಂಟೆ ಇಟ್ಟರೆ 8 ಯೂನಿಟ್ ಆಯಿತು. ಅದೇ ಬ್ಲಾಂಕೆಟ್ ಒಂದೊಂದು ಕಡೆಗೆ 60 ವ್ಯಾಟ್, ಎರಡೂ ಸೇರಿ 120 ಅಂದುಕೊಳ್ಳಿ. ಪೂರ್ತಿ ಬಿಸಿಯಲ್ಲೇ 8 ಗಂಟೆ ಇಟ್ಟರೂ 1 ಯೂನಿಟ್ ಕೂಡ ತುಂಬುವುದಿಲ್ಲ. ಪೂರ್ತಿ ಬಿಸಿಯಲ್ಲಿ ಯಾರೂ ರಾತ್ರಿಯಿಡೀ ಮಲಗಲು ಆಗುವುದೂ ಇಲ್ಲ, ಬೆವರು ಕಿತ್ತುಕೊಂಡು ಬರುತ್ತದೆ. ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ಜೋರಾಗಿ ಇಟ್ಟು, ಹಾಸಿಗೆಗೆ ಹೋದ ಮೇಲೆ ಎಲ್ಲಕ್ಕಿಂತ ಕಡಿಮೆ ನಂಬರ್‌ಗೆ ಇಳಿಸಿದರೆ ಸಾಕು. ನಿಮ್ಮ ಊರಿನ ಯೂನಿಟ್ ದರಕ್ಕೆ ಗುಣಿಸಿ ನೋಡಿಕೊಳ್ಳಿ.

ಇಷ್ಟೊಂದು ವ್ಯತ್ಯಾಸ ಬರುವುದು ಬ್ಲಾಂಕೆಟ್‌ನಲ್ಲಿ ಏನೋ ದೊಡ್ಡ ಟೆಕ್ನಾಲಜಿ ಇದೆ ಅಂತಲ್ಲ. ಒಳಗಿರುವುದು ಬರೀ ಕಾಯುವ ತಂತಿ. ಹೀಟರ್ ಇಡೀ ರೂಮಿನ ಗಾಳಿ, ಗೋಡೆ, ಬೀರು, ಮೇಜು ಎಲ್ಲವನ್ನೂ ಕಾಯಿಸಿ, ಅದರಲ್ಲಿ ಒಂದಿಷ್ಟನ್ನು ಕಿಟಕಿ ಗಾಜಿನಿಂದಲೂ ಬಾಗಿಲ ಸಂದಿಯಿಂದಲೂ ಹೊರಗೆ ಕಳಿಸಿ, ಉಳಿದದ್ದನ್ನು ನಿಮಗೆ ಕೊಡುತ್ತದೆ. ಬ್ಲಾಂಕೆಟ್ ಕಾಯಿಸುವುದು ನಿಮ್ಮನ್ನು ಮಾತ್ರ.

ಹೀಟರ್ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಆಯಿಲ್ ಹೀಟರ್ ಡಬ್ಬದ ಮೇಲೆ "ಕರೆಂಟ್ ಉಳಿಸುತ್ತದೆ" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು ಸುಮ್ನೆ ನಂಬಬೇಡಿ. ಕಾಯಿಲ್ ಕಾಯಿಸುವ ಯಾವ ಹೀಟರ್ ಆದರೂ, ಅದು ಫ್ಯಾನ್ ಇರುವುದಾಗಲಿ, ಎಣ್ಣೆಯದಾಗಲಿ, ಕೆಂಪಗೆ ಉರಿಯುವ ರಾಡ್ ಆಗಲಿ, 1 ಯೂನಿಟ್ ಕರೆಂಟ್‌ಗೆ 1 ಯೂನಿಟ್ ಬಿಸಿಯನ್ನೇ ಕೊಡುವುದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಣ್ಣೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ಸದ್ದು ಮಾಡುವುದಿಲ್ಲ. ಅದಕ್ಕೆ ಅಂತ ತಗೊಳ್ಳಿ, ಬಿಲ್ ಇಳಿಯುತ್ತದೆ ಅಂತ ತಗೋಬೇಡಿ. ಒಂದೇ ಕಡೆ ಕೂತು ಕೆಲಸ ಮಾಡುವವರಿಗೆ ನೇರವಾಗಿ ಮೈಗೆ ಕಾವು ತಾಗುವ ರಾಡ್ ಹೀಟರ್ ಲಾಭ, ಯಾಕಂದ್ರೆ ಇಡೀ ರೂಮ್ ಕಾಯುವ ತನಕ ಕಾಯಬೇಕಾಗಿಲ್ಲ. ನಿಜವಾಗಿ ಕಡಿಮೆ ಕರೆಂಟ್‌ನಲ್ಲಿ ರೂಮ್ ಕಾಯಿಸುವುದು ಬಿಸಿ ಗಾಳಿಯನ್ನೂ ಕೊಡುವ ಇನ್ವರ್ಟರ್ ಎಸಿ, ಅಂದರೆ ಹೀಟ್ ಪಂಪ್. ಅದು ಬಿಸಿಯನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನು ಎಳೆದು ಒಳಗೆ ತರುತ್ತದೆ. ಹಾಗಾಗಿ 1 ಯೂನಿಟ್‌ಗೆ ಸುಮಾರು 3 ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ಈ ಲಾಭ ಕಡಿಮೆಯಾಗುತ್ತದೆ. ಮನೆಯಲ್ಲಿ ಅಂಥ ಎಸಿ ಆಗಲೇ ಇದ್ದು ಬರೀ ಬೇಸಿಗೆಗೆ ಬಳಸುತ್ತಿದ್ದರೆ, ರಿಮೋಟ್‌ನಲ್ಲಿ ಹೀಟ್ ಮೋಡ್ ಇದೆಯಾ ಅಂತ ಮೊದಲು ನೋಡಿ.

ಬ್ಲಾಂಕೆಟ್‌ನಲ್ಲಿ ಕಿರಿಕಿರಿ ಇಲ್ಲವೇ ಅಂದರೆ, ಇದೆ. ಕಂಟ್ರೋಲರ್ ಮೇಲಿನ ಲೈಟ್ ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತದೆ. ಮಲಗುವ ವಸ್ತುವಿಗೆ ಇಷ್ಟು ಜೋರು ಲೈಟ್ ಯಾಕೆ ಇಟ್ಟರೋ ಗೊತ್ತಿಲ್ಲ, ನಾನು ಕಪ್ಪು ಟೇಪ್ ಅಂಟಿಸಿದ್ದೇನೆ. ವೈರ್ ಗಿಡ್ಡ. ಬೆಡ್‌ಶೀಟ್ ತೆಳ್ಳಗಿದ್ದರೆ ಒಳಗಿನ ತಂತಿ ಬೆನ್ನಿಗೆ ಗೊತ್ತಾಗುತ್ತದೆ, ಸ್ವಲ್ಪ ದಪ್ಪದ್ದು ಹಾಕಿದರೆ ಸರಿಹೋಗುತ್ತದೆ. ಮುಖ, ಮೂಗು ತಣ್ಣಗೇ ಇರುತ್ತವೆ. ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಡುವಾಗ ಆಗುವ ಸಂಕಟ ಇನ್ನೂ ಜಾಸ್ತಿ, ಅಷ್ಟು ಬೆಚ್ಚಗಿನ ಜಾಗದಿಂದ ಏಳುವುದು ಯಾರಿಗೆ ಬೇಕು ಹೇಳಿ. ಒಗೆಯಲು ಆಗುತ್ತದೆ ಅಂತ ಬರೆದಿದ್ದಾರೆ, ಕಂಟ್ರೋಲರ್ ಕಳಚಿ ಒಗೆಯಬೇಕು, ಪೂರ್ತಿ ಒಣಗುವ ತನಕ ಪ್ಲಗ್ ಹತ್ತಿರವೂ ಒಯ್ಯಬಾರದು. ತಾನಾಗಿ ಆಫ್ ಆಗುವ ಟೈಮರ್ ಇಲ್ಲದ ಮಾಡೆಲ್ ಎಷ್ಟೇ ಕಡಿಮೆಗೆ ಸಿಕ್ಕರೂ ಬೇಡ.

ಮಡಚಿ ಆನ್ ಮಾಡಬೇಡಿ, ಮೇಲೆ ಭಾರ ಇಡಬೇಡಿ, ಪಿನ್ ಚುಚ್ಚಬೇಡಿ. ಚಳಿಗಾಲ ಮುಗಿದ ಮೇಲೆ ಮಡಿಕೆ ಹಾಕದೆ ಸಡಿಲವಾಗಿ ಸುತ್ತಿಡಿ, ಒಳಗಿನ ತಂತಿ ಮುರಿದರೆ ಆ ಜಾಗ ವಿಪರೀತ ಕಾಯುತ್ತದೆ. ಮುಂದಿನ ವರ್ಷ ತೆಗೆದಾಗ ಎಲ್ಲಾದರೂ ಕಂದು ಕಲೆ ಕಂಡರೆ ಎಸೆದುಬಿಡಿ. ಬೆಕ್ಕು ಸಾಕಿದವರಿಗೆ ಉಗುರಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಕೂಸುಗಳನ್ನು ಇದರ ಮೇಲೆ ಮಲಗಿಸಲೇಬಾರದು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಸುಡುವುದೇ ಗೊತ್ತಾಗುವುದಿಲ್ಲ, ಅವರಿಗೂ ಇದು ಬೇಡ.

ಇನ್ನೊಂದು ಮುಖ್ಯ ವಿಷಯ. ಬ್ಲಾಂಕೆಟ್ ಬಂತು ಅಂತ ಮನೆಯ ಹೀಟಿಂಗ್ ಪೂರ್ತಿ ನಿಲ್ಲಿಸಿಬಿಡುವ ಉತ್ಸಾಹ ಕೆಲವರಿಗೆ ಬರುತ್ತದೆ. ಚಳಿ ಹೆಚ್ಚಿರುವ ಕಡೆಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ವಯಸ್ಸಾದವರು, ಮಕ್ಕಳು, ಉಸಿರಾಟದ ತೊಂದರೆ ಇರುವವರ ಮನೆಯಲ್ಲಂತೂ ಇದನ್ನು ಮರೆಯಬಾರದು. ತೀರ ತಣ್ಣಗೆ ಬಿಟ್ಟರೆ ಗಾಜಿನ ಮೇಲೆ, ಗೋಡೆ ಮೂಲೆಯಲ್ಲಿ ನೀರಾಡಿ ಬೂಸ್ಟು ಹಿಡಿಯುತ್ತದೆ. ಹಾಗಾಗಿ ರಾತ್ರಿ ಹೊತ್ತು ಥರ್ಮೋಸ್ಟಾಟ್ ಇಳಿಸಿ, ಆದರೆ ಪೂರ್ತಿ ಆರಿಸಬೇಡಿ. ದಿನಕ್ಕೆ 8 ಗಂಟೆ, 4ರಿಂದ 5 ಡಿಗ್ರಿಯಷ್ಟು ಇಳಿಸಿದರೆ ಹೀಟಿಂಗ್ ಖರ್ಚಿನಲ್ಲಿ ವರ್ಷಕ್ಕೆ 10%ವರೆಗೆ ಉಳಿಯಬಹುದು ಅನ್ನುವುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಬ್ಲಾಂಕೆಟ್ ಇಲ್ಲದೆ ಅಷ್ಟು ಇಳಿಸಿದರೆ ನಿದ್ದೆ ಬರುವುದಿಲ್ಲ, ಇದ್ದರೆ ಇಳಿಸಿದ್ದೇ ಗೊತ್ತಾಗುವುದಿಲ್ಲ. ಇದರ ನಿಜವಾದ ಲಾಭ ಇರುವುದು ಇಲ್ಲೇ.

ದುಡ್ಡು ಉಳಿಸಲು ಮುಚ್ಚಿದ ರೂಮಿನಲ್ಲಿ ಕೆಂಡ ಇಟ್ಟುಕೊಂಡು ಮಲಗುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಬ್ಲಾಂಕೆಟ್‌ಗೆ ಖರ್ಚು ಮಾಡುವ ಮೊದಲು ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿ ಚೌಕಟ್ಟಿಗೆ ಫೋಮ್ ಟೇಪ್ ಹಾಕಿದ್ದೀರಾ ನೋಡಿ. ಅವು ಒಮ್ಮೆ ಹಾಕಿದರೆ ಕರೆಂಟ್ ಕೇಳುವುದಿಲ್ಲ. ಗ್ಯಾಸ್ ಅಥವಾ ಸೌದೆ ಉರಿಸುವ ರೂಮಾದರೆ ಗಾಳಿಯಾಡುವ ಕಿಂಡಿಯನ್ನು ಮಾತ್ರ ಮುಚ್ಚಬೇಡಿ.

ನನ್ನ ಕಡೆಯಿಂದ 5ಕ್ಕೆ 4. ಮಲಗುವ ಕೋಣೆಗೆ ಅಂತಲೇ ರಾತ್ರಿಯಿಡೀ ಹೀಟರ್ ಓಡಿಸುವವರು ಕಣ್ಣು ಮುಚ್ಚಿ ತಗೋಬಹುದು. ಹಗಲು ಮನೆಯಲ್ಲೇ ಕೂತು ಕೆಲಸ ಮಾಡುವವರು, ರೂಮಿನಿಂದ ರೂಮಿಗೆ ಓಡಾಡುವವರು ಇದಕ್ಕೆ ಬದಲು ಬೇರೆ ದಾರಿ ನೋಡುವುದೇ ವಾಸಿ. ತಗೊಂಡ ದಿನವೇ ಪೂರ್ತಿ ಬಿಡಿಸಿ ಹಾಸಿ, ಆನ್ ಮಾಡಿ, ಎರಡೂ ಕಡೆ ಒಂದೇ ಸಮ ಕಾಯುತ್ತದಾ ಅಂತ ಕೈಯಾಡಿಸಿ ನೋಡಿ. ವಾಪಸ್ ಕೊಡುವ ಗಡುವು ಮುಗಿದ ಮೇಲೆ ಗೊತ್ತಾದರೆ ಯಾರೂ ಕೇಳುವುದಿಲ್ಲ.