ದಿ ಸ್ಟೆಪ್‌ಫರ್ಡ್ ವೈವ್ಸ್: ಒಳ್ಳೇ ಗಂಡ ವಾಲ್ಟರ್ ಮತ್ತು ಆ ಊರಿನ ಸಂಘ

ಈ ಪುಸ್ತಕ ಕೊಂಡರೆ ದಯವಿಟ್ಟು ಹಿಂಬದಿಯ ರಕ್ಷಾಪುಟ ಓದಬೇಡಿ. ನನ್ನ ಕೈಗೆ ಬಂದ ಪ್ರತಿಯಲ್ಲಿ ಕಥೆಯ ಗುಟ್ಟನ್ನು ಅಲ್ಲೇ ಎರಡು ಸಾಲಿನಲ್ಲಿ ಬಿಚ್ಚಿಟ್ಟಿದ್ದರು. ಲೇಖಕ ಪುಟಪುಟವೂ ಜೋಪಾನವಾಗಿ ಮುಚ್ಚಿಟ್ಟುಕೊಂಡು ಬಂದದ್ದನ್ನು ಹೀಗೆ ಬಯಲು ಮಾಡಿದ್ದಾರಲ್ಲ ಅಂತ ತುಂಬಾ ಬೇಜಾರಾಯಿತು. ನಾನೂ ಸ್ವಲ್ಪ ಕೆಳಗೆ ಆ ಗುಟ್ಟಿನ ಬಗ್ಗೆ ಮಾತಾಡಲೇಬೇಕು. ಆ ಜಾಗ ಬಂದಾಗ ಹೇಳುತ್ತೇನೆ, ಓದಿರದವರು ಅಲ್ಲೇ ನಿಲ್ಲಿಸಿಬಿಡಿ.

ಅಮೆರಿಕದ ಲೇಖಕ ಐರಾ ಲೆವಿನ್ ಈ ಕಾದಂಬರಿ ಬರೆದದ್ದು 1972ರಲ್ಲಿ. 1967ರ ಹಾರರ್ ಕಾದಂಬರಿ 'ರೋಸ್‌ಮೇರೀಸ್ ಬೇಬಿ'ಯೂ ಇವರದೇ. ತೆಳ್ಳನೆ ಪುಸ್ತಕ, ರಾತ್ರಿ ಊಟ ಆದ ಮೇಲೆ ಶುರು ಮಾಡಿ ಒಂದೇ ಸಲಕ್ಕೆ ಮುಗಿಸಿದೆ. ಇಂಗ್ಲಿಷ್ ಕೂಡ ಸುಲಭ, ಡಿಕ್ಷನರಿ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ.

ಜೊಆನಾ ಎಬರ್‌ಹಾರ್ಟ್ ಫೋಟೋಗ್ರಾಫರ್. ಗಂಡ ವಾಲ್ಟರ್, ಇಬ್ಬರು ಮಕ್ಕಳು. ನ್ಯೂಯಾರ್ಕಿನ ಗದ್ದಲ ಬಿಟ್ಟು ಕನೆಕ್ಟಿಕಟ್‌ನ ಸ್ಟೆಪ್‌ಫರ್ಡ್ ಅನ್ನುವ ಊರಿಗೆ ಬರುತ್ತಾರೆ. ಊರು ಕಲ್ಪನೆಯದ್ದು. ಹುಲ್ಲುಹಾಸು, ದೊಡ್ಡ ಮನೆ, ಶಾಂತ ರಸ್ತೆ, ಎಲ್ಲ ಚೆಂದ. ಆದರೆ ಅಕ್ಕಪಕ್ಕದ ಹೆಂಗಸರಿಗೆ ಮನೆಕೆಲಸ ಬಿಟ್ಟರೆ ಬೇರೆ ಮಾತೇ ಇಲ್ಲ. ಪಕ್ಕದ ಮನೆಯವಳನ್ನು ರಾತ್ರಿ ಕಾಫಿಗೆ ಕರೆದರೆ, ನೆಲಕ್ಕೆ ವ್ಯಾಕ್ಸ್ ಹಾಕೋದಿದೆ, ಬರೋಕಾಗಲ್ಲ ಅನ್ನುತ್ತಾಳೆ. ಸಿಟ್ಟಿಲ್ಲ, ಬೇಸರವೂ ಇಲ್ಲ, ನಗುನಗುತ್ತಾ ಹೇಳುತ್ತಾಳೆ. ಅವರೆಲ್ಲ ಟೀವಿ ಜಾಹೀರಾತಿನಲ್ಲಿ ಸೋಪಿನ ಪುಡಿ ಹಿಡಿದು ಖುಷಿಪಡುವ ನಟಿಯರ ಹಾಗೆ ಇದ್ದಾರೆ ಅಂತ ಜೊಆನಾಗೆ ಅನ್ನಿಸುತ್ತದೆ. ಇಡೀ ಪುಸ್ತಕದ ವ್ಯಂಗ್ಯ ಇರೋದೇ ಇಲ್ಲಿ. ಲೆವಿನ್ ಎಲ್ಲೂ ದನಿ ಎತ್ತುವುದಿಲ್ಲ, ಆ ಜಾಹೀರಾತನ್ನೇ ತಂದು ಒಂದು ಊರು ಮಾಡಿ ನಮ್ಮ ಮುಂದೆ ಇಟ್ಟುಬಿಡುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸೂಪರ್‌ಮಾರ್ಕೆಟ್ಟಿನ ಒಂದು ದೃಶ್ಯ. ಆ ಹೆಂಗಸರ ಟ್ರಾಲಿಗಳಲ್ಲಿ ಡಬ್ಬಿ, ಬಾಟಲಿ, ಪೊಟ್ಟಣ ಎಲ್ಲ ಸಾಲಾಗಿ ಜೋಡಿಸಿರುತ್ತವೆ. ಜೊಆನಾಳ ಟ್ರಾಲಿಯಲ್ಲಿ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಅವಳಿಗೆ ಒಂದು ಕ್ಷಣ ತಪ್ಪು ಮಾಡಿದ ಹಾಗೆ ಆಗುತ್ತದೆ. ಆ ಒಂದು ಕ್ಷಣ ನನಗೆ ಚೆನ್ನಾಗಿ ಗೊತ್ತು. ಯಾರಾದರೂ ದಿಢೀರಂತ ಮನೆಗೆ ಬಂದಾಗ ಸೋಫಾ ಮೇಲಿನ ಮಡಿಸದ ಬಟ್ಟೆ ಕಂಡು ಮುಖ ಬಿಸಿಯಾಗುತ್ತದಲ್ಲ, ಅದೇ. ಆ ಬಟ್ಟೆಯಲ್ಲಿ ಮನೆಯವರೆಲ್ಲರದ್ದೂ ಇರುತ್ತದೆ, ಆದರೆ ನಾಚಿಕೆ ಮಾತ್ರ ನನಗೊಬ್ಬಳಿಗೇ ಆಗಬೇಕು!

ಇಲ್ಲಿಂದ ಮುಂದೆ ಗುಟ್ಟು ಇದೆ, ಓದಿರದವರು ನಿಲ್ಲಿಸಿ.

ಊರಿನಲ್ಲಿ ಒಂದು ಗಂಡಸರ ಸಂಘ. ಅದರ ಮುಖಂಡ ಡೇಲ್ ಕೋಬಾ, ಹಿಂದೆ ಡಿಸ್ನಿಲ್ಯಾಂಡಿನಲ್ಲಿ ಕೆಲಸ ಮಾಡಿದವನು. ಸಂಘದವನೊಬ್ಬ ಹೆಂಗಸರ ಮುಖ ಚಿತ್ರಿಸಿಕೊಳ್ಳುತ್ತಾನೆ, ಇನ್ನೊಬ್ಬ ಅವರ ದನಿ ರೆಕಾರ್ಡ್ ಮಾಡಿಸಿಕೊಳ್ಳುತ್ತಾನೆ. ಯಾಕೆ ಅನ್ನುವುದು ನಿಮಗೆ ಹೊಳೆದಿರಬೇಕು, ಹೆಂಡತಿಯರ ಜಾಗದಲ್ಲಿ ಅವರದೇ ರೂಪದ, ಹೇಳಿದಂತೆ ಕೇಳುವ ರೋಬೋಟುಗಳನ್ನು ತಂದಿಡೋಕೆ. ಜೊಆನಾಳ ಗೆಳತಿ ಶಾರ್ಮೇನ್‌ಗೆ ಟೆನಿಸ್ ಅಂದರೆ ಪ್ರಾಣ. ಒಂದು ವಾರಾಂತ್ಯ ಗಂಡನ ಜೊತೆ ಕಳೆಯುತ್ತಾಳೆ, ಆಮೇಲೆ ನೋಡಿದರೆ ಅವಳ ಟೆನಿಸ್ ಕೋರ್ಟನ್ನು ಕಿತ್ತುಹಾಕಿ ಗಂಡನಿಗೆ ಗಾಲ್ಫ್ ಆಡುವ ಜಾಗ ಮಾಡುತ್ತಿದ್ದಾರೆ. ಅವಳು ನಗುತ್ತಾ ನಿಂತಿದ್ದಾಳೆ. ರಕ್ತ ಇಲ್ಲ, ಕಿರುಚಾಟ ಇಲ್ಲ. ನನಗೆ ಮೈ ಜುಮ್ಮೆಂದದ್ದು ಅಲ್ಲೇ.

ಆದರೆ ಇದರಲ್ಲಿ ನಿಜವಾಗಿ ಹೆದರಿಸುವವನು ಕೋಬಾ ಅಲ್ಲ, ವಾಲ್ಟರ್. ಅವನು ಕೆಟ್ಟವನಲ್ಲ ನೋಡಿ. ಸ್ತ್ರೀ ವಿಮೋಚನೆ ಬಗ್ಗೆ ಹೆಂಡತಿಗೆ ಇರುವಷ್ಟೇ ಆಸಕ್ತಿ ಅವನಿಗೂ ಇದೆ ಅಂತ ಮೊದಲಲ್ಲೇ ನಮಗೆ ತಿಳಿಯುತ್ತದೆ. ಹೆಂಗಸರನ್ನು ಸೇರಿಸದ ಸಂಘಕ್ಕೆ ಯಾಕೆ ಹೋಗ್ತೀಯ ಅಂದರೆ, ಒಳಗಿದ್ದುಕೊಂಡೇ ಬದಲಾಯಿಸಬೇಕು ಅನ್ನುತ್ತಾನೆ. ಜೊಆನಾ ನಂಬುತ್ತಾಳೆ, ನಾನೂ ನಂಬಿದೆ. ಅವನು ಯಾವ ದಿನ ಆ ಕಡೆ ವಾಲಿದ ಅನ್ನುವುದನ್ನು ಲೆವಿನ್ ಬರೆಯುವುದೇ ಇಲ್ಲ. ಎರಡನೇ ಸಲ ಓದಿದಾಗ ಹುಡುಕಿದೆ, ಸಿಗಲಿಲ್ಲ.

ಇದನ್ನು ಮನೆಕೆಲಸ ಮಾಡುವ ಹೆಂಗಸರ ಮೇಲಿನ ಗೇಲಿ ಅಂತ ಓದುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮಮ್ಮ ಇಡೀ ಜೀವನ ಅಡುಗೆಮನೆಯಲ್ಲೇ ಇದ್ದವರು, ಅವರ ಸ್ಟೀಲ್ ಡಬ್ಬಗಳೂ ಸಾಲಾಗೇ ಇರುತ್ತಿದ್ದವು. ಆದರೆ ಸಾರಿಗೆ ಒಗ್ಗರಣೆ ಹಾಕುತ್ತಾ, ಸೌಟು ಕೈಯಲ್ಲೇ ಹಿಡಿದು ಅಪ್ಪನ ಜೊತೆ ವಾದ ಮಾಡುತ್ತಿದ್ದರು, ತಂಗಿಯನ್ನು ಹಾಸ್ಟೆಲಿಗೆ ಕಳಿಸುವ ವಿಷಯದಲ್ಲಿ ಮೂರು ದಿನ ವಾದ ಮಾಡಿ ಗೆದ್ದರು. ಸ್ಟೆಪ್‌ಫರ್ಡಿನ ಗಂಡಸರಿಗೆ ಬೇಡವಾದದ್ದು ಆ ವಾದ. ಬರೀ ಕೆಲಸಕ್ಕಾದರೆ ಆಳು ಸಿಗುತ್ತಿದ್ದರು, ಅಲ್ವಾ?

ಕಥೆ ಬಂದ ಕಾಲವನ್ನೂ ನೆನೆಯಬೇಕು. ಗಂಡು ಹೆಣ್ಣಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಯನ್ನು ಅಮೆರಿಕದ ಸೆನೆಟ್ ಒಪ್ಪಿದ್ದು ಅದೇ 1972ರ ಮಾರ್ಚಿನಲ್ಲಿ. ಬೇಕಾದಷ್ಟು ರಾಜ್ಯಗಳು ಒಪ್ಪದೆ 1982ರಲ್ಲಿ ಅದರ ಗಡುವೇ ಮುಗಿಯಿತು. ಸ್ಟೆಪ್‌ಫರ್ಡಿನಲ್ಲೂ ಹಿಂದೆ ಒಂದು ಮಹಿಳಾ ಕ್ಲಬ್ ಇತ್ತು, 'ದಿ ಫೆಮಿನೈನ್ ಮಿಸ್ಟೀಕ್' ಅನ್ನುವ ಹೆಸರಾಂತ ಸ್ತ್ರೀವಾದಿ ಪುಸ್ತಕ ಬರೆದ ಬೆಟ್ಟಿ ಫ್ರೀಡನ್ ಬಂದು ಅಲ್ಲಿ ಭಾಷಣ ಮಾಡಿದ್ದರು ಅಂತ ಕಥೆಯಲ್ಲಿ ಬರುತ್ತದೆ. ಆವತ್ತು ಚಪ್ಪಾಳೆ ಹೊಡೆದವರೇ ಇವತ್ತು ನೆಲ ಒರೆಸುತ್ತಿದ್ದಾರೆ. ಆ ಪುಟ ಓದಿ ಪುಸ್ತಕ ಮಡಚಿಟ್ಟು, ಎದ್ದು ಹೋಗಿ ನೀರು ಕುಡಿದು ಬಂದೆ.

ಕೊರತೆಗಳೂ ಇವೆ. ಸಂಘದ ಗಂಡಸರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಊರಿಗೆ ಹೊಸದಾಗಿ ಬರುವ ಕಪ್ಪು ಲೇಖಕಿ ರುಥಾನ್‌ಳಿಗೆ ಇನ್ನಷ್ಟು ಜಾಗ ಕೊಡಬೇಕಿತ್ತು, ಅವಳ ಕಣ್ಣಿನಿಂದಲೇ ಒಂದು ಪುಸ್ತಕ ಆಗುವಷ್ಟು ವಿಷಯ ಇದೆ. ಆದರೂ ಕೊನೆಯ ಪುಟಗಳನ್ನು ಅವಳಿಗೇ ಕೊಟ್ಟಿದ್ದು ಒಳ್ಳೆಯದಾಯಿತು. ಮತ್ತೆ ಅದೇ ಸೂಪರ್‌ಮಾರ್ಕೆಟ್, ಈ ಸಲ ಜೊಆನಾಳ ಟ್ರಾಲಿಯಲ್ಲೂ ಡಬ್ಬಿಗಳು ಸಾಲಾಗಿ ನಿಂತಿವೆ.

ಸಿನಿಮಾ ಎರಡು ಸಲ ಆಗಿದೆ. ಬ್ರಯನ್ ಫೋರ್ಬ್ಸ್ ನಿರ್ದೇಶನದ 1975ರದ್ದು ನೋಡಿ. ನಿಕೋಲ್ ಕಿಡ್‌ಮನ್ ಇರುವ 2004ರದ್ದು ಎಲ್ಲವನ್ನೂ ತಮಾಷೆ ಮಾಡಿಬಿಟ್ಟಿದೆ, ನನಗೆ ಹಿಡಿಸಲಿಲ್ಲ. ಎರಡನ್ನೂ ಪುಸ್ತಕ ಮುಗಿಸಿದ ಮೇಲೆ ನೋಡಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ನನ್ನ ಪ್ರತಿ ಈಗ ನಮ್ಮ ಮನೆಯವರ ಕೈಯಲ್ಲಿದೆ, ರಕ್ಷಾಪುಟ ತೆಗೆದಿಟ್ಟೇ ಕೊಟ್ಟೆ. ವಾಲ್ಟರ್ ಸಂಘಕ್ಕೆ ಹೊರಡುವ ತನಕ ಓದಿದ್ದಾರಂತೆ.