ದಿನಕ್ಕೊಂದು ಹಾಳೆ: ಒಂದು ಕುಟುಂಬ ಧ್ಯಾನದ ಕ್ಯಾಲೆಂಡರನ್ನು ಹತ್ತು ತಿಂಗಳು ಬಳಸಿದ ಮೇಲೆ

ಕಳೆದ ಡಿಸೆಂಬರಿನಲ್ಲಿ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹಾಕಿದ್ದ ಪುಸ್ತಕದ ಮೇಜಿನಿಂದ 260 ರೂಪಾಯಿ ಕೊಟ್ಟು ತಂದ ಕನ್ನಡ ಧ್ಯಾನ ಕ್ಯಾಲೆಂಡರೊಂದು ಮಂಗಳೂರಿನ ನಮ್ಮ ಮನೆಯ ಊಟದ ಕೋಣೆಯಲ್ಲಿ ಹತ್ತು ತಿಂಗಳಿಂದ ತೂಗುತ್ತಿದೆ. ಇದು ದಿನಕ್ಕೊಂದು ಹಾಳೆ ಹರಿಯುವ ಬಗೆಯದು. ಮುಂದಿನ ಮಗ್ಗುಲಲ್ಲಿ ತಾರೀಕು ಮತ್ತು ಬೈಬಲಿನ ಒಂದು ವಚನ. ಹಿಂದಿನ ಮಗ್ಗುಲಲ್ಲಿ ಅಡುಗೆ, ಬಟ್ಟೆ ಒಗೆಯುವುದು, ಮಕ್ಕಳ ಜಗಳ, ಕರೆಂಟ್ ಬಿಲ್ಲು ಮುಂತಾದ ಮನೆಯ ಸಂಗತಿಯೊಂದನ್ನು ಹಿಡಿದು ಬರೆದ ಚಿಕ್ಕ ಧ್ಯಾನ. ಅದರ ಕೆಳಗೆ ಮಕ್ಕಳಿಗೊಂದು ಪ್ರಶ್ನೆ. ಇಂಥ ಕ್ಯಾಲೆಂಡರುಗಳು ನಾಲ್ಕಾರು ಕಡೆಗಳಿಂದ ಬರುತ್ತವೆ, ಅವುಗಳ ಗುಣದೋಷಗಳೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಆದ್ದರಿಂದ ಇದರ ಹೆಸರನ್ನು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ದಿನಕ್ಕೊಂದು ವಚನ ಎಂಬ ಕ್ರಮ ಹೊಸದೇನಲ್ಲ. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನಲ್ಲಿ 1728ರಲ್ಲಿ ಜಿನ್ಜೆನ್‌ಡಾರ್ಫ್ ಎಂಬ ಜಮೀನ್ದಾರರು ಇದನ್ನು ಆರಂಭಿಸಿದಾಗ, ಆಯಾ ದಿನದ ವಚನವನ್ನು ಮನೆಮನೆಗೆ ಹೋಗಿ ತಿಳಿಸಲಾಗುತ್ತಿತ್ತು; 1731ರಿಂದ ಅದು ವರ್ಷವರ್ಷವೂ ಪುಸ್ತಕವಾಗಿ ಅಚ್ಚಾಗತೊಡಗಿತು. ಹೆಚ್ಚುಕಡಿಮೆ ಅಂಥದೇ ಭಕ್ತಿಪರಂಪರೆಯಿಂದ ಹೊರಟ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಇಲ್ಲಿ ಅಚ್ಚುಕೂಟ ತೆರೆಯಿತು. ನಮ್ಮಂಥ ಮನೆಗಳಲ್ಲಿ ರಾತ್ರಿ ಊಟಕ್ಕೆ ಮುಂಚೆ ಒಂದು ಕೀರ್ತನೆ, ಒಂದು ವಾಕ್ಯಭಾಗ, ಒಂದು ಪ್ರಾರ್ಥನೆ ಎಂಬ ಪರಿಪಾಠ ತಲೆಮಾರುಗಳಿಂದ ನಡೆದುಬಂದಿದೆ. ಈ ಕ್ಯಾಲೆಂಡರು ಬಂದು ಸೇರಿಕೊಂಡದ್ದು ಅಲ್ಲಿಗೆ.

ಮೊದಲು ಹೊರಗಿನ ರೂಪದ ವಿಷಯವನ್ನು ಮುಗಿಸುತ್ತೇನೆ. ಅಕ್ಷರ ದೊಡ್ಡದಾಗಿದೆ, ನಮ್ಮ ಅತ್ತೆಯವರು ಕನ್ನಡಕವಿಲ್ಲದೆ ವಚನವನ್ನು ಓದುತ್ತಾರೆ. ಆದರೆ ಮೇಲ್ಭಾಗದ ಅಂಟು ಕರಾವಳಿಯ ಮಳೆಗಾಲಕ್ಕೆ ಮಾಡಿದ್ದಲ್ಲ. ಜೂನ್ ಎರಡನೆಯ ವಾರಕ್ಕೆ ಹಾಳೆಗಳು ತೇವ ಹೀರಿ ಸುರುಟಿಕೊಂಡವು, ಜುಲೈ ತಿಂಗಳು ಪೂರ್ತಿಯಾಗಿ ಒಂದು ದಿನ ಸಾರಿನ ಪಾತ್ರೆಯ ಪಕ್ಕಕ್ಕೆ ಉದುರಿತು. ಅಂದಿನಿಂದ ಬಟ್ಟೆ ಒಣಗಿಸುವ ಎರಡು ಕ್ಲಿಪ್ಪುಗಳೇ ಅದನ್ನು ಹಿಡಿದಿವೆ.

ಬರವಣಿಗೆ ಎಲ್ಲ ದಿನವೂ ಒಂದೇ ಮಟ್ಟದಲ್ಲಿಲ್ಲ. ಅತ್ಯುತ್ತಮವೆಂದು ನಾನು ಎತ್ತಿಟ್ಟಿರುವುದು ಫೆಬ್ರವರಿಯ ಒಂದು ಹಾಳೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ, ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ ಹುಡುಕುವ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತಕಥೆ, ಇದೆಯಲ್ಲ, ಅದರ ಮೇಲಿನ ಧ್ಯಾನವದು. ಬರೆದವರು ತಮ್ಮ ತಾಯಿಯ ಓಲೆಯ ತಿರುಪು ಬಿದ್ದುಹೋದ ಸಂಜೆಯನ್ನು ಮಾತ್ರ ಹೇಳುತ್ತಾರೆ: ಚಾಪೆ ಕೊಡವಿದ್ದು, ಕಡೆಯುವ ಕಲ್ಲಿನ ಹಿಂದೆ ಕೈಹಾಕಿದ್ದು, ಗುಡಿಸಿದ ಕಸವನ್ನು ಎಸೆಯದೆ ಮೊರದಲ್ಲಿ ಹರವಿ ಬೆರಳಿನಿಂದ ಬಿಡಿಸಿದ್ದು. ಯೇಸುವಿನ ಕಾಲದ ಬಡವರ ಮನೆಗಳಿಗೆ ಕಿಟಕಿ ಇದ್ದರೂ ಬಹಳ ಸಣ್ಣದು, ಆದ್ದರಿಂದ ಹಗಲಿನಲ್ಲೂ ದೀಪ ಬೇಕಾಗುತ್ತಿತ್ತು. ಆ ಒಂದು ನಾಣ್ಯ ಕೂಲಿಯಾಳಿನ ಸುಮಾರು ಒಂದು ದಿನದ ಸಂಬಳ ಎಂಬ ವಿವರಗಳೂ ಎರಡೇ ವಾಕ್ಯಗಳಲ್ಲಿ ಬಂದಿವೆ. ದೇವರು ಹೀಗೆ ನಮ್ಮನ್ನು ಹುಡುಕುತ್ತಾರೆ ಎಂಬ ಮಾತು ಕೊನೆಯ ಸಾಲಿನಲ್ಲಿದೆ, ಅದೂ ಗಟ್ಟಿಯಾಗಿ ಅಲ್ಲ. ಇದನ್ನು ಓದಿದ ಮರುವಾರ ನಮ್ಮ ಮನೆಯಲ್ಲಿ ಮಗಳ ಹಲ್ಲಿನ ಕ್ಲಿಪ್ಪು ಕಳೆದುಹೋದಾಗ, ಅತ್ತೆಯವರು ಕಸದ ಬುಟ್ಟಿಯನ್ನು ಹಳೆಯ ಪತ್ರಿಕೆಯ ಮೇಲೆ ಕವುಚಿ ಕುಳಿತು, “ಮಗಾ, ಇಲ್ಲಿ ದೀಪ ಹಿಡಿ” ಎಂದು ಕರೆದರು. ಮಗಳು ಮೊಬೈಲಿನ ಬೆಳಕು ಹಿಡಿದುಕೊಂಡು, “ಅಜ್ಜಿ, ಸಿಕ್ಕಿದರೆ ನೆರೆಮನೆಯವರನ್ನೂ ಕರೆಯಬೇಕು” ಎಂದಳು. ಸುವಾರ್ತೆಯ ಹೆಂಗಸು ಗೆಳತಿಯರನ್ನೂ ನೆರೆಯವರನ್ನೂ ಕರೆಯುವ ಭಾಗ ಅವಳ ನೆನಪಿನಲ್ಲಿ ಉಳಿದಿತ್ತು. ಕ್ಲಿಪ್ಪು ಬಾಳೆಹಣ್ಣಿನ ಸಿಪ್ಪೆಯೊಳಗಿತ್ತು.

ಇದಕ್ಕೆ ತದ್ವಿರುದ್ಧವಾದದ್ದು, ದೇವರ ರಾಜ್ಯವನ್ನು ಹೆಂಗಸೊಬ್ಬಳು ಹಿಟ್ಟಿಗೆ ಸೇರಿಸಿದ ಹುಳಿಗೆ ಹೋಲಿಸುವ ಹುಳಿಹಿಟ್ಟಿನ ಸಾಮ್ಯದ ಹಾಳೆ. ಯೀಸ್ಟಿನ ಪೊಟ್ಟಣ, ಬೆಚ್ಚಗಿನ ಹಾಲು, ಓವನ್ನಿನಲ್ಲಿ ಉಬ್ಬಿ ಬರುವ ಬ್ರೆಡ್ಡು ಎಂದು ಅದು ಶುರುವಾಗುತ್ತದೆ. ಮೂರನೆಯ ವಾಕ್ಯಕ್ಕೇ ಬ್ರೆಡ್ಡನ್ನು ಕೈಬಿಟ್ಟು, ವಿಶ್ವಾಸದಲ್ಲಿ ಬೆಳೆಯಬೇಕೆಂಬ ಉಪದೇಶಕ್ಕೆ ಹಾರುತ್ತದೆ. ಇಲ್ಲಿ ನನ್ನ ಆಕ್ಷೇಪ ಎರಡು. ಒಂದು, ಸಾಮ್ಯದ ಹೆಂಗಸಿನ ಬಳಿ ಪೊಟ್ಟಣವಿರಲಿಲ್ಲ. ಅವಳು ಬಳಸಿದ್ದು ಹಿಂದಿನ ಸಲ ನಾದಿದ ಹಿಟ್ಟಿನಲ್ಲಿ ಎತ್ತಿಟ್ಟ ಹುಳಿಮುದ್ದೆಯನ್ನು. ಮಳೆಗಾಲದಲ್ಲಿ ದೋಸೆಹಿಟ್ಟು ಹುದುಗು ಬರದಿದ್ದಾಗ ನಿನ್ನೆಯ ಹಿಟ್ಟನ್ನು ಒಂದು ಸೌಟು ಬೆರೆಸಿ, ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಪಕ್ಕದಲ್ಲಿಡುವ ನಮ್ಮಲ್ಲಿ ಯಾರಿಗಾದರೂ ಇದು ವಿವರಣೆಯಿಲ್ಲದೆ ಅರ್ಥವಾಗುತ್ತಿತ್ತು. ಎರಡನೆಯದು, ಆ ಸಾಮ್ಯದಲ್ಲಿರುವ ಹಿಟ್ಟು ಮೂರು ಅಳತೆ, ಅಂದರೆ ಸುಮಾರು 40 ಲೀಟರ್ ಆಗುವಷ್ಟು. ಒಂದು ಮನೆಯ ರೊಟ್ಟಿಗಲ್ಲ, ಊರಿನ ಮದುವೆಗೆ ಸಾಕಾಗುವ ಹಿಟ್ಟದು. ಗ್ರೀಕ್ ಮೂಲದಲ್ಲಿ ಅವಳು ಹುಳಿಯನ್ನು ಆ ಹಿಟ್ಟಿನಲ್ಲಿ “ಅಡಗಿಸಿಟ್ಟಳು” ಎಂದಿದೆ. ಅಷ್ಟು ಹಿಟ್ಟಿನೊಳಗೆ ಕಾಣದಂತೆ ಸೇರಿಕೊಂಡ ಒಂದು ಮುದ್ದೆ ರಾತ್ರಿಯೆಲ್ಲ ಏನು ಮಾಡುತ್ತದೆ ಎನ್ನುವುದೇ ಸಾಮ್ಯದ ಜೀವ. ಬೆಳಿಗ್ಗೆ ಮುಚ್ಚಳ ಎತ್ತಿದಾಗ ಮೂಗಿಗೆ ಬಡಿಯುವ ಆ ಹುಳಿಯ ವಾಸನೆಯನ್ನು ಹಾಳೆಯಲ್ಲಿ ತರುವುದಕ್ಕೆ ನಾಲ್ಕು ಸಾಲು ಸಾಕಿತ್ತು.

ಹಲವು ಹಾಳೆಗಳು ಬೇರೆ ಯಾವುದೋ ದೇಶದ ಇಂಗ್ಲಿಷ್ ಧ್ಯಾನಗಳ ಅನುವಾದವೆಂಬುದು ಮುಚ್ಚಿಡಲಾಗದಷ್ಟು ಸ್ಪಷ್ಟವಾಗಿದೆ. ಜನವರಿಯಲ್ಲಿ ಅಂಗಳದ ಹಿಮ ಗೋರಲಾಯಿತು, ಮೇ ತಿಂಗಳಿನಲ್ಲಿ ಪಾತ್ರೆ ತೊಳೆಯುವ ಯಂತ್ರ ಕೆಟ್ಟಿತು. ಸೆಪ್ಟೆಂಬರ್ 8ರ ಹಾಳೆಯಲ್ಲಿ ಹುಲ್ಲುಹಾಸು ಕತ್ತರಿಸುವ ತಂದೆಯೊಬ್ಬರ ತಾಳ್ಮೆಯ ಕಥೆಯಿತ್ತು. ಅದೇ ದಿನ ನಮ್ಮ ಪಕ್ಕದ ಕಥೋಲಿಕ ಮನೆಯಲ್ಲಿ, ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ತಂದು, ಕಾಳು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚಿದ ಮೇಲೆಯೇ ಅಂದಿನ ಸಸ್ಯಾಹಾರದ ಊಟ. ದೂರದೇಶದಲ್ಲಿರುವ ಮಕ್ಕಳಿಗೆ ಆ ಕಾಳನ್ನು ಲಕೋಟೆಯಲ್ಲಿ ಕಳುಹಿಸುವ ಕುಟುಂಬಗಳೂ ಇವೆ. ನಾವು ಪ್ರೊಟೆಸ್ಟೆಂಟರು ಆ ಹಬ್ಬವನ್ನು ಆಚರಿಸುವುದಿಲ್ಲ. ಆದರೂ ಪ್ರಥಮಫಲವನ್ನು ದೇವರ ಮುಂದಿಡಬೇಕೆಂಬ ಮೋಶೆಯ ವಿಧಿ ಒಂದು ಕುಟುಂಬದ ಊಟದ ಮೇಜಿಗೆ ಬರುವುದನ್ನು ಇದಕ್ಕಿಂತ ಹತ್ತಿರದಿಂದ ನಾನು ಎಲ್ಲಿಯೂ ಕಂಡಿಲ್ಲ. ಕರ್ನಾಟಕದ ಕ್ರೈಸ್ತ ಕುಟುಂಬಗಳಿಗಾಗಿ ಎಂದು ರಕ್ಷಾಪುಟದಲ್ಲಿ ಅಚ್ಚು ಹಾಕಿಸಿದವರ ಕಣ್ಣಿಗೆ ಅದು ಬೀಳಬೇಕಿತ್ತು.

ಇನ್ನೊಂದು ಕೊರತೆ ಅಡುಗೆಮನೆಯಲ್ಲಿ ಯಾರನ್ನು ನಿಲ್ಲಿಸಿದ್ದಾರೆ ಎಂಬುದಕ್ಕೆ ಸಂಬಂಧಿಸಿದ್ದು. ಹತ್ತು ತಿಂಗಳಲ್ಲಿ ತಂದೆ ಸೌಟು ಹಿಡಿದ ಹಾಳೆ ಎರಡೇ ಎರಡು, ಎರಡರಲ್ಲಿಯೂ ತಾಯಿಗೆ ಜ್ವರ. ಯೇಸು ಮನೆಗೆ ಬಂದಾಗ ಮಾರ್ತ ಉಪಚಾರದಲ್ಲಿ ಮುಳುಗಿ, ಅವಳ ಸೋದರಿ ಮರಿಯ ಅವರ ಮಾತು ಕೇಳುತ್ತ ಕುಳಿತ ಪ್ರಸಂಗ ಮೂರು ಸಲ ಬಂದಿದೆ, ಮೂರು ಸಲವೂ ಮಾರ್ತಳಿಗೆ ಬುದ್ಧಿವಾದ. ಲೂಕನಲ್ಲಿ ಯೇಸು ಅವಳ ಚಿಂತೆಯನ್ನೂ ಗಡಿಬಿಡಿಯನ್ನೂ ಕುರಿತು ಮಾತನಾಡಿದರೇ ಹೊರತು ಅಡುಗೆಯನ್ನು ಕುರಿತಲ್ಲ. ಯೋಹಾನನ 12ನೆಯ ಅಧ್ಯಾಯದ ಬೇಥಾನ್ಯದ ಔತಣದಲ್ಲಿ ಅದೇ ಮಾರ್ತ ಮತ್ತೆ ಬಡಿಸುತ್ತಾಳೆ, ಅಂದು ಯಾರೂ ಅವಳನ್ನು ತಿದ್ದುವುದಿಲ್ಲ. ಈ ಎರಡನೆಯ ಊಟದ ಬಗ್ಗೆ ಒಂದು ಹಾಳೆ ಇದ್ದಿದ್ದರೆ, ಅದನ್ನು ನನ್ನ ಗಂಡನಿಂದಲೇ ಓದಿಸುತ್ತಿದ್ದೆ, ಸಾರು ಕುದಿಯುತ್ತಿರುವಾಗ.

ಮಕ್ಕಳ ಪ್ರಶ್ನೆಗಳಲ್ಲಿ ಹೆಚ್ಚಿನವು ಉತ್ತರವನ್ನು ತಾವೇ ಹೇಳಿಕೊಡುವಂಥವು: “ನೀನೂ ವಿಧೇಯನಾಗಿರುವೆಯಾ?” ಎಂದು ಕೇಳಿದರೆ ಒಂಬತ್ತು ವರ್ಷದ ಹುಡುಗಿ ಹೌದು ಎನ್ನದೆ ಮತ್ತೇನು ಹೇಳಬೇಕು? “ಇವತ್ತು ಮನೆಯಲ್ಲಿ ಯಾರು ಯಾರಿಗಾಗಿ ಕಾದರು?” ಎಂಬ ಆಗಸ್ಟಿನ ಪ್ರಶ್ನೆ ಮಾತ್ರ ಬೇರೆ ಜಾತಿಯದು. ಅಂದು ಪ್ರಾರ್ಥನೆ ಮುಗಿಯುವಾಗ ಸಾರು ತಣ್ಣಗಾಗಿತ್ತು, ಏಕೆಂದರೆ ಬಸ್ ನಿಲ್ದಾಣದಲ್ಲಿ ಮಳೆಯಲ್ಲಿ ಕಾದ ತಂದೆಯಿಂದ ಹಿಡಿದು, ಮಗನ ಫೋನಿಗಾಗಿ ಮಧ್ಯಾಹ್ನವೆಲ್ಲ ಕಾದ ಅಜ್ಜಿಯವರೆಗೆ ಎಲ್ಲರಿಗೂ ಹೇಳಲು ಏನಾದರೂ ಇತ್ತು, ಅಜ್ಜಿ ಅದನ್ನು ಅಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

260 ರೂಪಾಯಿಗೆ ಇದು ದುಬಾರಿಯಲ್ಲ. ತಿಂಗಳಿಗೆ ಐದಾರು ಹಾಳೆ ಓಲೆಯ ತಿರುಪಿನ ಮಟ್ಟಕ್ಕೆ ಬರುತ್ತವೆ. ಉಳಿದ ದಿನಗಳಲ್ಲಿ ನಾವು ವಚನವನ್ನಷ್ಟೇ ಓದಿ, ಹಿಂದಿನ ಮಗ್ಗುಲನ್ನು ಹಾಲಿನ ಲೆಕ್ಕಕ್ಕೆ ಬಿಡುತ್ತೇವೆ. ಸಣ್ಣ ಮಕ್ಕಳಿರುವ, ಕುಟುಂಬ ಪ್ರಾರ್ಥನೆಯನ್ನು ಹೊಸದಾಗಿ ಆರಂಭಿಸುವ ಮನೆಯವರು ಕೊಳ್ಳಬಹುದು, ಆದರೆ ಮಳೆಗಾಲಕ್ಕೆ ಮುಂಚೆ ಮೇಲ್ಭಾಗಕ್ಕೆ ಎರಡು ಪಿನ್ನು ಹೊಡೆಸಿಕೊಳ್ಳಬೇಕು. ಮುಂದಿನ ವರ್ಷದ್ದು ಮೇಜಿಗೆ ಬಂದಾಗ, ಸೆಪ್ಟೆಂಬರ್ 8ರ ಹಾಳೆಯಲ್ಲಿ ಏನಿದೆ ಎಂದು ಅಲ್ಲೇ ನಿಂತು ನೋಡಿ ಆಮೇಲೆ ಹಣ ಕೊಡುತ್ತೇನೆ.